ಜೀಪಿನ ಲೋ ಗೇರು, ಎರಡೇ ಚಕ್ರಕ್ಕೆ

ಹಳೆಯ ಫೋರ್ ವೀಲ್ ಜೀಪಿನ ನೆಲದಿಂದ ಮೂರು ಕಡ್ಡಿಗಳು ಎದ್ದಿರುತ್ತವೆ. ಉದ್ದನೆಯದು ಮಾಮೂಲಿ ಗೇರಿನದು. ಪಕ್ಕದ ಎರಡು ಗಿಡ್ಡ ಕಡ್ಡಿಗಳಲ್ಲಿ ಒಂದು ಮುಂದಿನ ಚಕ್ರಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಇನ್ನೊಂದು ಹೈ ಮತ್ತು ಲೋ ನಡುವೆ ಬದಲಿಸುತ್ತದೆ. ಮುಂದಿನ ಚಕ್ರಗಳ ಕಡ್ಡಿಯನ್ನು ಹಾಕದೆ ಇನ್ನೊಂದನ್ನು ಲೋಗೆ ತಳ್ಳಲು ಹೋದರೆ ಅದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಕಟ್ಟುವಾಗಲೇ ಹಾಗೆ ಕಟ್ಟಿದ್ದಾರೆ: ಲೋ ಬೇಕಾದರೆ ನಾಲ್ಕೂ ಚಕ್ರಕ್ಕೆ, ಇಲ್ಲದಿದ್ದರೆ ಲೋ ಇಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಜೀಪು ಮೋಜಿನ ವಾಹನವಲ್ಲ. ಅಡಿಕೆ ಗೊನೆ, ಗೊಬ್ಬರ, ಸೊಪ್ಪು, ಕೊಳೆ ಔಷಧಿಯ ಡ್ರಮ್ಮು, ಮದುವೆಗೆ ಹೊರಟ ಮನೆಮಂದಿ ಎಲ್ಲವೂ ಅದರಲ್ಲೇ. ಅಂಥ ಜೀಪಿನಲ್ಲಿ ಹಿಂದಿನ ಎರಡೇ ಚಕ್ರಕ್ಕೆ ಲೋ ಗೇರು ಸಿಗುವಂತೆ ಮಾಡಿಕೊಳ್ಳುವುದು ಹೇಗೆ, ಯಾರಿಗೆ ಅದು ಬೇಕು, ಯಾವಾಗ ಅದು ಅಪಾಯ ಎನ್ನುವುದು ಇಲ್ಲಿಯ ವಿಷಯ. ಬರೆಯುವ ಅನುಕೂಲಕ್ಕೆ ನಾಲ್ಕು ಚಕ್ರದ ಲೋ ಗೇರನ್ನು ‘ಫೋರ್ ಲೋ’ ಎಂದೂ ಎರಡು ಚಕ್ರದ್ದನ್ನು ‘ಟೂ ಲೋ’ ಎಂದೂ ಕರೆಯೋಣ.

ಯಾವ ಜೀಪು, ಯಾವ ಪೆಟ್ಟಿಗೆ

ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡು, ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಎರಡನೆಯ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಎರಡನೆಯ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಇದ್ದದ್ದು ಸ್ಪೈಸರ್ ಕಂಪನಿಯ 18ನೇ ಮಾದರಿ. ಮುಂದೆ ಡಾನಾ 18 ಎಂಬ ಹೆಸರಿನಲ್ಲಿ ಪ್ರಸಿದ್ಧವಾದದ್ದೂ ಇದೇ. ಯುದ್ಧ ಮುಗಿದ ಮೇಲೆ ಬಂದ ಸಿಜೆ ಸರಣಿಯ ಜೀಪುಗಳಿಗೂ ಅದೇ ಪೆಟ್ಟಿಗೆ ಬಂತು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಆರಂಭಿಸಿದ ಮಹೀಂದ್ರ ಕಂಪನಿ ಸಿಜೆ 3ಬಿ ಮಾದರಿಯನ್ನು, ಅಮೆರಿಕದಲ್ಲಿ 1968ರಲ್ಲಿ ಅದರ ತಯಾರಿಕೆ ನಿಂತ ಮೇಲೂ ದಶಕಗಟ್ಟಲೆ ಇಲ್ಲಿ ಮುಂದುವರಿಸಿತು. 1980ರ ದಶಕದ ಎಂಎಂ 540ಕ್ಕೆ ಪ್ಯೂಜೋ ಪರವಾನಗಿಯ ಡೀಸೆಲ್ ಎಂಜಿನ್ ಬಂತು, ಹೊರಮೈ ಬದಲಾಯಿತು. ಹೊಟ್ಟೆಯೊಳಗಿನ ಪೆಟ್ಟಿಗೆ ಮಾತ್ರ ಆ ಯುದ್ಧಕಾಲದ ವಂಶದ್ದೇ.

ಹಾಗಾಗಿ ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸ್ ಬಿಚ್ಚಿದರೆ ಒಳಗೆ ಕಾಣುವುದು 80 ವರ್ಷ ಹಿಂದಿನ ಯೋಚನೆ. ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಒಳಗಿರುವುದೆಲ್ಲ ಗೇರು, ಶಾಫ್ಟು, ಫೋರ್ಕು, ಗುಂಡು ಮತ್ತು ಸ್ಪ್ರಿಂಗು. ತಂತಿ ಇಲ್ಲ, ಕಂಪ್ಯೂಟರ್ ಇಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗದೆ ತಾಲ್ಲೂಕಿನ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸಬಹುದಾದ ಯಂತ್ರ ಅದು.

ಒಳಗೆ ಏನು ನಡೆಯುತ್ತದೆ

ಗೇರ್ ಬಾಕ್ಸಿನ ಮುಖ್ಯ ಶಾಫ್ಟಿನ ಹಿಂದಿನ ತುದಿಯಲ್ಲಿ ಒಂದು ಗೇರು ಕೂತಿದೆ. ಅದು ಕೆಳಗಿನ ಮಧ್ಯಂತರ ಗೇರನ್ನು ತಿರುಗಿಸುತ್ತದೆ. ಮಧ್ಯಂತರ ಗೇರಿನಲ್ಲಿ ದೊಡ್ಡದೊಂದು, ಚಿಕ್ಕದೊಂದು, ಎರಡು ಹಲ್ಲಿನ ಚಕ್ರಗಳು ಒಂದೇ ಮೈಯಾಗಿವೆ. ಅದರ ಪಕ್ಕದಲ್ಲಿ ಹೊರಹೋಗುವ ಶಾಫ್ಟು. ಆ ಶಾಫ್ಟಿನ ಮೇಲೆ ಜಾರುವ ಗೇರನ್ನು ಫೋರ್ಕು ಒಂದು ಕಡೆಗೆ ತಳ್ಳಿದರೆ ಹೈ, ಇನ್ನೊಂದು ಕಡೆಗೆ ತಳ್ಳಿದರೆ ಲೋ, ನಡುವೆ ನಿಂತರೆ ನ್ಯೂಟ್ರಲ್. ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಸದಾ ಇದಕ್ಕೆ ಅಂಟಿಕೊಂಡೇ ಇರುತ್ತದೆ. ಮುಂದಿನ ಶಾಫ್ಟು ಹಾಗಲ್ಲ. ಹಲ್ಲಿನ ತೋಳೊಂದು ಜಾರಿ ಬಂದು ಹಿಂದಿನದರ ಜೊತೆ ಕಚ್ಚಿಕೊಂಡಾಗ ಮಾತ್ರ ಅದಕ್ಕೆ ಜೀವ.

ಈ ರಚನೆಯಿಂದ ಎರಡು ಸಂಗತಿ ತಿಳಿಯುತ್ತವೆ. ಮೊದಲನೆಯದು, ಮುಂದಿನ ಚಕ್ರಗಳಿಗೆ ಹೋಗುವ ಶಕ್ತಿ ಹಿಂದಿನ ಶಾಫ್ಟಿನಿಂದಲೇ ಬರುತ್ತದೆ; ಆದ್ದರಿಂದ ಈ ಪೆಟ್ಟಿಗೆಯಲ್ಲಿ ಏನೇ ಮಾಡಿದರೂ ಮುಂದಿನ ಚಕ್ರಗಳಷ್ಟನ್ನೇ ಓಡಿಸಲಾಗದು. ಎರಡನೆಯದು, ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಮ್ಮೆ ಕಚ್ಚಿಕೊಂಡರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ವೇಗದ ವ್ಯತ್ಯಾಸಕ್ಕೆ ಎಡೆಕೊಡುವ ಡಿಫರೆನ್ಶಿಯಲ್ ನಡುವೆ ಇಲ್ಲ. ಈ ಎರಡನೆಯ ಸಂಗತಿಗೆ ಆಮೇಲೆ ಬರುತ್ತೇನೆ, ಟೂ ಲೋ ಬೇಕೆನ್ನುವವರ ವಾದವೆಲ್ಲ ಅಲ್ಲೇ ಇದೆ.

ಎರಡು ಫೋರ್ಕುಗಳನ್ನು ಹೊತ್ತ ಎರಡು ಸರಳುಗಳು ಮುಂದಿನ ಮುಚ್ಚಳದೊಳಗೆ ಅಕ್ಕಪಕ್ಕ ಜಾರುತ್ತವೆ. ಸರಳು ತನ್ನ ಜಾಗ ಬಿಟ್ಟು ಅಲುಗದಂತೆ ಸ್ಪ್ರಿಂಗಿನ ಒತ್ತಡದ ಉಕ್ಕಿನ ಗುಂಡೊಂದು ಅದರ ಗೀರಿನಲ್ಲಿ ಕೂರುತ್ತದೆ. ಕಡ್ಡಿ ಎಳೆದಾಗ ಕೈಗೆ ‘ಟಕ್’ ಎಂದು ತಿಳಿಯುವುದು ಆ ಗುಂಡಿನಿಂದ. ಎರಡು ಸರಳುಗಳ ನಡುವೆ ಅಡ್ಡಡ್ಡಲಾಗಿ ಗುಳಿಗೆಯಾಕಾರದ ಇನ್ನೊಂದು ಉಕ್ಕಿನ ಚೂರು ಇದೆ. ಇದೇ ಇಂಟರ್‌ಲಾಕ್ ಪಿನ್. ಮುಂದಿನ ಚಕ್ರಗಳ ಸರಳು ತನ್ನ ಜಾಗಕ್ಕೆ ಬರುವವರೆಗೆ ಅದು ಲೋ ಸರಳಿಗೆ ಅಡ್ಡ ನಿಲ್ಲುತ್ತದೆ. ಲೋ ಹಾಕಿದ ಮೇಲೆ ತಿರುಗಿ ಮುಂದಿನ ಸರಳನ್ನು ಬಿಡಿಸಿಕೊಳ್ಳಲೂ ಬಿಡುವುದಿಲ್ಲ. ಹೆಬ್ಬೆರಳ ಉಗುರಿಗಿಂತ ದೊಡ್ಡದೇನೂ ಅಲ್ಲದ ಈ ಚೂರನ್ನು ತೆಗೆದರೆ ಎರಡೂ ಸರಳುಗಳು ಸ್ವತಂತ್ರ. ಟೂ ಲೋ ಸಿಕ್ಕಿತು. ‘ಮಾರ್ಪಾಡು’ ಎನ್ನುವುದು ಇಷ್ಟೇ.

ಲೋ ಎಂದರೆ ಎಷ್ಟು ಲೋ

ಯುದ್ಧಕಾಲದ ಎಂಬಿಯಲ್ಲಿ ಲೋ ಅನುಪಾತ 1.97. ಆಮೇಲಿನ ಸಿಜೆ ಜೀಪುಗಳಲ್ಲಿ ಸುಮಾರು 2.46. ಸಿಜೆಯ ಮೂರು ಗೇರಿನ ಬಾಕ್ಸಿನಲ್ಲಿ ಒಂದನೇ ಗೇರು 2.798, ಹಿಂದಿನ ಹೌಸಿಂಗಿನ ಕ್ರೌನ್ ಪಿನಿಯನ್ 5.38. ಮೂರನ್ನೂ ಗುಣಿಸಿದರೆ 37. ಅಂದರೆ ಎಂಜಿನ್ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಹೈನಲ್ಲಿ ಇದೇ ಲೆಕ್ಕ 15.

ಹಳೆಯ 6.00-16 ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಎಂಜಿನ್ ನಿಮಿಷಕ್ಕೆ 2000 ಸುತ್ತು ಹಾಕುತ್ತಿದ್ದರೆ ಒಂದನೇ ಗೇರಿನಲ್ಲಿ ಹೈ ಕೊಡುವ ವೇಗ ಗಂಟೆಗೆ 18 ಕಿ.ಮೀ. ಹತ್ತಿರ, ಲೋ ಕೊಡುವುದು 7 ಕಿ.ಮೀ. ಚುರುಕು ನಡಿಗೆಯವರು ಜೀಪಿನ ಪಕ್ಕದಲ್ಲೇ ಬರಬಹುದು. ಲೋದಲ್ಲಿ ಎರಡನೇ ಗೇರಿಗೆ 13 ಕಿ.ಮೀ., ಮೂರನೆಯದಕ್ಕೆ 20. ಲೋ ಮೂರನೇ ಗೇರು ಹೈ ಒಂದನೆಯದಕ್ಕಿಂತ ವೇಗವಾಗಿದೆ ಎನ್ನುವುದನ್ನು ಗಮನಿಸಿ. ಲೋದ ಉಪಯೋಗ ಇರುವುದೇ ಒಂದು ಮತ್ತು ಎರಡರಲ್ಲಿ, ಮತ್ತು ರಿವರ್ಸಿನಲ್ಲಿ.

ತಡೆ ಇಟ್ಟದ್ದು ಸುಮ್ಮನೆ ಅಲ್ಲ

ಇಂಟರ್‌ಲಾಕ್ ತೆಗೆದುಹಾಕುವವರು ಅದನ್ನು ಸೇನೆಯ ಹುಡುಗರಿಗಾಗಿ ಇಟ್ಟ ಬೇಡದ ಮುನ್ನೆಚ್ಚರಿಕೆ ಎನ್ನುತ್ತಾರೆ. ಅರ್ಧ ನಿಜ. ಉಳಿದರ್ಧಕ್ಕೆ ಸ್ವಲ್ಪ ಲೆಕ್ಕ ಬೇಕು.

ಎಂಬಿಯ 2.2 ಲೀಟರ್ ಪೆಟ್ರೋಲ್ ಎಂಜಿನ್ನಿನ ತಿರುಚುಬಲ ಸುಮಾರು 142 ನ್ಯೂಟನ್ ಮೀಟರ್. ಅದನ್ನೇ ಸಿಜೆಯ ಗೇರುಗಳಿಗೆ ಹಾಕಿ ನೋಡೋಣ. ಹೈ ಒಂದನೇ ಗೇರಿನಲ್ಲಿ 15ರಿಂದ ಗುಣಿಸಿದರೆ ಹಿಂದಿನ ಎಕ್ಸೆಲ್ಲಿಗೆ ಬರುವುದು 2100 ಚಿಲ್ಲರೆ. ಲೋದಲ್ಲಿ 37ರಿಂದ ಗುಣಿಸಿದರೆ 5200 ಮೀರುತ್ತದೆ. ಫೋರ್ ಲೋದಲ್ಲಿ ಇದು ಮುಂದೆ ಹಿಂದೆ ಹಂಚಿಹೋಗುತ್ತದೆ. ಟೂ ಲೋದಲ್ಲಿ ಹಿಂದಿನ ಎಕ್ಸೆಲ್ಲೊಂದೇ ಗತಿ.

ಆದರೆ ಎಕ್ಸೆಲ್ಲಿನ ಮೇಲೆ ನಿಜವಾಗಿ ಬೀಳುವ ಬಲವನ್ನು ತೀರ್ಮಾನಿಸುವುದು ಎಂಜಿನ್ ಒಂದೇ ಅಲ್ಲ, ಟೈರಿನ ಹಿಡಿತವೂ ಹೌದು. ಹಿಡಿತ ತಪ್ಪಿದರೆ ಟೈರು ಗಿರ್ರನೆ ಸುತ್ತುತ್ತದೆ, ಬಲ ಅಲ್ಲಿಗೇ ನಿಲ್ಲುತ್ತದೆ. ಅಂದಾಜು ಲೆಕ್ಕ ಹೀಗೆ: ಖಾಲಿ ಜೀಪಿನ ಹಿಂದಿನ ಚಕ್ರಗಳ ಮೇಲೆ 500 ಕೆ.ಜಿ. ಭಾರವಿದೆ ಎಂದುಕೊಳ್ಳಿ. ಕೆಸರಿನಲ್ಲಿ 500 ನ್ಯೂಟನ್ ಮೀಟರ್ ದಾಟುವಷ್ಟರಲ್ಲಿ ಟೈರು ಜಾರುತ್ತದೆ. ಒಣ ಸಿಮೆಂಟಿನ ಮೇಲೆ 1200ರವರೆಗೆ ಹಿಡಿದು ನಿಲ್ಲುತ್ತದೆ. ಹಿಂದೆ ಗೊಬ್ಬರ ತುಂಬಿ ಭಾರ 900 ಕೆ.ಜಿ. ಆಗಿದ್ದರೆ 2100 ಮೀರಬಹುದು. ಏರಿನಲ್ಲಿ ಭಾರ ಹಿಂದಕ್ಕೆ ವಾಲುವುದರಿಂದ ಇನ್ನಷ್ಟು.

ಕೆಸರಿನಲ್ಲಿ ಟೈರೇ ಫ್ಯೂಸು. ಎಕ್ಸೆಲ್ ಶಾಫ್ಟು, ಕ್ರೌನ್ ಪಿನಿಯನ್ನು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಇವಕ್ಕೆ ಪೆಟ್ಟು ಬೀಳುವ ಮೊದಲೇ ಟೈರು ಸೋಲುತ್ತದೆ. ಭಾರ ಹೇರಿ ಒಣ ಸಿಮೆಂಟಿಗೆ ಬಂದರೆ ಟೈರು ಸೋಲುವುದಿಲ್ಲ; ಆಗ ಸೋಲುವ ಸರದಿ ಕಬ್ಬಿಣದ್ದು. ಹೈನಲ್ಲಿ ಎಂಜಿನ್ನಿಗೇ ಅಷ್ಟು ಶಕ್ತಿಯಿಲ್ಲ, ಲೋದಲ್ಲಿ ಧಾರಾಳವಾಗಿದೆ. ಕ್ಲಚ್ಚನ್ನು ಧಡಕ್ಕನೆ ಬಿಟ್ಟರಂತೂ ಬಲ ಕ್ಷಣಕಾಲ ಇನ್ನೂ ಮೇಲೇರುತ್ತದೆ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಹಳೆಯ ಜೀಪುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಎಂಜಿನ್ ಬಲಿತಿರುತ್ತದೆ, ಹೌಸಿಂಗು ಹಳೆಯದೇ ಇರುತ್ತದೆ.

ಮಣ್ಣಿನ ದಾರಿ ಸಿಮೆಂಟಾದಾಗ

ಹಾಗಿದ್ದರೂ ಟೂ ಲೋ ಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ಮಲೆನಾಡಿನಲ್ಲಿ ಆ ಹುರುಳು ಈಚಿನ ಎರಡು ದಶಕಗಳಲ್ಲಿ ಹೆಚ್ಚಿದೆ, ಕಾರಣ ರಸ್ತೆ.

ಒಂದು ಕಾಲಕ್ಕೆ ಇಲ್ಲಿಯ ಒಂಟಿ ಮನೆಗಳ ದಾರಿಯೆಂದರೆ ಕೆಂಪು ಮಣ್ಣು, ಜಂಬಿಟ್ಟಿಗೆಯ ಚೂರು, ಮಳೆಗಾಲದಲ್ಲಿ ಎರಡು ಚಕ್ರದ ಗಾಡಿಯ ಜಾಡಿನಲ್ಲಿ ಹರಿಯುವ ನೀರು. ಅಂಥ ನೆಲದಲ್ಲಿ ಫೋರ್ ಲೋ ಹಾಕಿ ತಿರುಗಿದರೆ ಯಾವ ತೊಂದರೆಯೂ ಇಲ್ಲ, ಟೈರು ಅಷ್ಟಿಷ್ಟು ಜಾರಿ ಒಳಗಿನ ಬಿಗಿತವನ್ನು ಬಿಟ್ಟುಕೊಡುತ್ತದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’, ಪಂಚಾಯಿತಿಯ ಸಣ್ಣಪುಟ್ಟ ಕಾಮಗಾರಿಗಳು ಬಂದವು. ಊರಿನ ದಾರಿಗೆ ಡಾಂಬರು ಬಂತು. ಡಾಂಬರು ನಿಲ್ಲದ ಕಡಿದಾದ ಏರುಗಳಿಗೆ ಸಿಮೆಂಟು ಬಂತು. ಮನೆಯವರೂ ತಮ್ಮ ಖರ್ಚಿನಲ್ಲಿ ಅಂಗಳದವರೆಗಿನ ತುಂಡನ್ನು ಕಾಂಕ್ರೀಟು ಮಾಡಿಸಿದರು. ಏರು ಮಾತ್ರ ಹಿಂದಿನಷ್ಟೇ ಕಡಿದು, ತಿರುವು ಹಿಂದಿನಷ್ಟೇ ಬಿಗಿ. ಎತ್ತಿನ ಗಾಡಿಗೆ ಕಡಿದ ದಾರಿಯ ಮೇಲೆ ಸಿಮೆಂಟು ಸುರಿದರೆ ಇಳಿಜಾರು ಕಡಿಮೆಯಾಗುವುದಿಲ್ಲವಲ್ಲ.

ಈ ಸಿಮೆಂಟಿನ ಮೇಲೆ ಫೋರ್ ಲೋ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಏನಾಗುತ್ತದೆ ನೋಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ. ಎಂಬಿ, ಸಿಜೆ 3ಬಿ ಜೀಪುಗಳ ಮುಂದಿನ ಮತ್ತು ಹಿಂದಿನ ಎಕ್ಸೆಲ್ಲುಗಳ ನಡುವಿನ ಅಂತರ 80 ಇಂಚು, ಅಂದರೆ 2.03 ಮೀಟರ್. ಮುಂದಿನ ಚಕ್ರ 5.3 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನದು 4.9ರಲ್ಲಿ ತಿರುಗುತ್ತದೆ. ಒಂದು ಅರ್ಧವೃತ್ತದ ತಿರುವು ಮುಗಿಯುವಷ್ಟರಲ್ಲಿ ಮುಂದಿನ ಚಕ್ರ ನಡೆಯಬೇಕಾದದ್ದು 16.6 ಮೀಟರ್, ಹಿಂದಿನದು 15.4. ವ್ಯತ್ಯಾಸ ಒಂದೂಕಾಲು ಮೀಟರ್, ಚಕ್ರದ ಅರ್ಧ ಸುತ್ತಿಗಿಂತ ಹೆಚ್ಚು. ಅದನ್ನು 5.38ರಿಂದ ಗುಣಿಸಿ: ಪ್ರೊಪೆಲ್ಲರ್ ಶಾಫ್ಟಿನ ಲೆಕ್ಕದಲ್ಲಿ ಮೂರು ಸುತ್ತು. ಮುಂದಿನ ಶಾಫ್ಟು ಹಿಂದಿನದಕ್ಕಿಂತ ಮೂರು ಸುತ್ತು ಹೆಚ್ಚು ಹಾಕಬೇಕು, ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದೆ. ಟೈರು ಜಾರಲೇಬೇಕು, ಸಿಮೆಂಟು ಜಾರಲು ಬಿಡದು. ಸ್ಟೇರಿಂಗ್ ಕಲ್ಲಿನಂತೆ ಬಿಗಿಯುತ್ತದೆ, ಟೈರು ಕಿರುಚುತ್ತದೆ, ಕ್ರಾಸುಗಳು ಕಟಕಟ ಎನ್ನುತ್ತವೆ. ಅಂಗಳದಲ್ಲಿ ನಿಲ್ಲಿಸಿ ಕಡ್ಡಿ ಎಳೆದರೆ ಬರುವುದಿಲ್ಲ. ಒಳಗಿನ ಬಿಗಿತ ಬಿಡಲು ಹಿಂದಕ್ಕೆ ಒಂದಷ್ಟು ಓಡಿಸಬೇಕು. ಒಣ ಗಟ್ಟಿ ರಸ್ತೆಯಲ್ಲಿ ಮುಂದಿನ ಚಕ್ರಗಳನ್ನು ಬಿಡಿಸಿ ಓಡಿಸಿ ಎನ್ನುವ ಸೂಚನೆ ಯುದ್ಧಕಾಲದ ಜೀಪಿನ ಡ್ಯಾಶ್‌ಬೋರ್ಡಿನ ಪಟ್ಟಿಯಲ್ಲೇ ಇತ್ತು.

ಹೀಗಾಗಿ ಚಾಲಕ ಹೈನಲ್ಲೇ ಏರಿಸುತ್ತಾನೆ. ಭಾರ ಇದ್ದರೆ ಅರ್ಧ ಕ್ಲಚ್ಚು ಹಿಡಿದು, ರಿವರ್ಸಿನಲ್ಲಿ ಕಣದ ಕಡೆಗೆ ಒದ್ದಾಡಿಸಿ ತರುತ್ತಾನೆ. ಕ್ಲಚ್ ಪ್ಲೇಟಿನ ವಾಸನೆ ಮನೆಯೊಳಗಿನವರಿಗೂ ತಿಳಿಯುತ್ತದೆ. ಟೂ ಲೋ ಇದ್ದಲ್ಲಿ ಈ ಕಷ್ಟವಿಲ್ಲ: ಕ್ಲಚ್ಚು ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಅಷ್ಟೇನೂ ಒತ್ತದೆ, ನಡಿಗೆಯ ವೇಗದಲ್ಲಿ ತಿರುವು ಮುರಿದು ಅಂಗಳಕ್ಕೆ ಬರಬಹುದು. ಟ್ರೇಲರ್ ಹಿಂದೆ ಕಟ್ಟಿಕೊಂಡು ಹಿಮ್ಮುಖವಾಗಿ ತಳ್ಳುವಾಗಲೂ ಇದೇ ಲಾಭ.

ಕೊಡಚಾದ್ರಿಯ ದಾರಿಗೆ ಇದನ್ನೆಲ್ಲ ಅನ್ವಯಿಸಬೇಡಿ. ಹೊಸನಗರ ತಾಲ್ಲೂಕಿನ ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಹತ್ತುವ ಜೀಪುಗಳಿಗೆ ಸಿಗುವುದು ಬಂಡೆ, ಕೊರಕಲು, ಕೆಸರು. ಅಲ್ಲಿ ನಾಲ್ಕೂ ಚಕ್ರ ಬೇಕು, ಟೂ ಲೋದಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಹೈ ಒಂದು, ಎರಡನೇ ಗೇರು ಸಾಕು. ಟೂ ಲೋ ಎನ್ನುವುದು ಊರ ರಸ್ತೆಯಿಂದ ಮನೆಯ ಅಂಗಳದವರೆಗಿನ ಆ ಕೊನೆಯ ತುಂಡಿನ ಗೇರು.

ಬಿಚ್ಚುವ ಮೊದಲು ಹಬ್ ನೋಡಿ

ಪೆಟ್ಟಿಗೆಗೆ ಕೈ ಹಾಕದೆಯೇ ಟೂ ಲೋ ಪಡೆಯುವ ದಾರಿಯೊಂದಿದೆ. ಅದು ಎಷ್ಟೋ ಜೀಪುಗಳಲ್ಲಿ ಆಗಲೇ ಇರುತ್ತದೆ, ಉಪಯೋಗ ಗೊತ್ತಿಲ್ಲದೆ ತುಕ್ಕು ಹಿಡಿದಿರುತ್ತದೆ.

ಮುಂದಿನ ಚಕ್ರಗಳ ನಡುವೆ ಕೈಯಿಂದ ತಿರುಗಿಸುವ ಗುಬುಟು ಇದ್ದರೆ ಅದು ಫ್ರೀ ವೀಲಿಂಗ್ ಹಬ್. ಅಮೆರಿಕದಲ್ಲಿ 1948ರಲ್ಲಿ ಆರಂಭವಾದ ವಾರ್ನ್ ಕಂಪನಿ ಇಂಥ ಹಬ್‌ಗಳಿಂದಲೇ ಹೆಸರು ಮಾಡಿತು. ಹಬ್ ಬಿಟ್ಟಿದ್ದರೆ ಮುಂದಿನ ಚಕ್ರ ತನ್ನ ಪಾಡಿಗೆ ಉರುಳುತ್ತದೆ, ಒಳಗಿನ ಶಾಫ್ಟಿಗೂ ಅದಕ್ಕೂ ಸಂಬಂಧವಿಲ್ಲ. ಈಗ ಕಡ್ಡಿಗಳನ್ನು ಫೋರ್ ಲೋಗೆ ಹಾಕಿ. ಇಂಟರ್‌ಲಾಕ್‌ಗೆ ಸಮಾಧಾನ, ಅದರ ಶರತ್ತು ಪೂರೈಸಿದೆ. ಮುಂದಿನ ಪ್ರೊಪೆಲ್ಲರ್ ಶಾಫ್ಟು, ಎಕ್ಸೆಲ್ಲು ಸುಮ್ಮನೆ ಸುತ್ತುತ್ತಿರುತ್ತವೆ, ನೆಲಕ್ಕೆ ಶಕ್ತಿ ಕೊಡುವುದು ಹಿಂದಿನ ಎರಡೇ ಚಕ್ರ. ಎರಡೂ ಹಬ್ ಒಂದೇ ಸ್ಥಿತಿಯಲ್ಲಿರಬೇಕು. ಒಂದು ಹಾಕಿ ಒಂದು ಬಿಟ್ಟರೆ ಮುಂದಿನ ಡಿಫರೆನ್ಶಿಯಲ್ ವೃಥಾ ಸುತ್ತಿ ಸವೆಯುತ್ತದೆ.

ಹಬ್ ಇಲ್ಲದವರು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿಡಬಹುದು. ಕೆಲವು ಬೋಲ್ಟುಗಳ ಕೆಲಸ, ಎಣ್ಣೆ ಸೋರುವುದಿಲ್ಲ. ಬೇಸಿಗೆಯಿಡೀ ಊರ ರಸ್ತೆಯಲ್ಲೇ ಓಡುವ ಜೀಪಿಗೆ ಇದು ಸಲ್ಲುತ್ತದೆ. ಮಳೆ ಹಿಡಿಯುವ ಮೊದಲು ತಿರುಗಿ ಕಟ್ಟಲು ಮರೆಯಬಾರದು ಅಷ್ಟೆ, ಶಾಫ್ಟು ಅಟ್ಟದ ಮೇಲೆ ಇದ್ದರೆ ಕೆಸರಿನಲ್ಲಿ ಕಡ್ಡಿ ಎಳೆದು ಏನೂ ಆಗದು. ಹಬ್ಬೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಕಾರಣ, ಇಳಿದು ಬಂದು ಕೈಯಿಂದ ತಿರುಗಿಸಬೇಕು. ಆ ಎರಡು ನಿಮಿಷದಲ್ಲಿ ಮುಂದಿನ ಏರು ಒಣಗಿದೆಯೋ ನೆಂದಿದೆಯೋ ಎಂದು ನೋಡುವ ಅವಕಾಶವೂ ಸಿಗುತ್ತದೆ.

ಪಿನ್ ತೆಗೆಯುವ ಕೆಲಸ

ಇಷ್ಟಾದ ಮೇಲೂ ಪಿನ್ ತೆಗೆಸುವುದೇ ಸರಿ ಎನ್ನುವವರಿಗೆ ಕೆಲಸದ ಸ್ವರೂಪ ಗೊತ್ತಿರಲಿ. ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಇಳಿಸಬೇಕು. ಒಂದೂವರೆ ಲೀಟರ್ ಆಸುಪಾಸು ಬರುತ್ತದೆ. ಎಣ್ಣೆಯಲ್ಲಿ ಲೋಹದ ಪುಡಿ ಹೊಳೆಯುತ್ತಿದ್ದರೆ ಅಲ್ಲೇ ನಿಲ್ಲಿಸುವುದು ಲೇಸು. ಅಂಥ ಪೆಟ್ಟಿಗೆಗೆ ಬೇಕಾದದ್ದು ಮಾರ್ಪಾಡಲ್ಲ, ರಿಪೇರಿ. ಡಾನಾ 18ರ ದುರ್ಬಲ ಜಾಗ ಮಧ್ಯಂತರ ಗೇರು ಕೂತ ಶಾಫ್ಟು ಮತ್ತು ಅದರ ಸೂಜಿ ಬೇರಿಂಗುಗಳು. ಎಂಬಿಯಲ್ಲಿ ಈ ಶಾಫ್ಟಿನ ದಪ್ಪ ಮುಕ್ಕಾಲು ಇಂಚು. ತಯಾರಕರೇ ಮುಂದೆ ಎರಡು ಹಂತಗಳಲ್ಲಿ ಅದನ್ನು ಒಂದೂಕಾಲು ಇಂಚಿಗೆ ಏರಿಸಿದರು. ಹೈ ಇರಲಿ ಲೋ ಇರಲಿ, ಶಕ್ತಿ ಹಾಯುವುದು ಇದರ ಮೂಲಕವೇ. ಶಾಫ್ಟು ಸವೆದು ಗೇರು ಕಿರಗುಡುವ ಜೀಪಿನಲ್ಲಿ ಟೂ ಲೋ ಮಾಡಿಸಿದರೆ ಆಯಸ್ಸು ಬೇಗ ತೀರುತ್ತದೆ.

ಎರಡು ಗಿಡ್ಡ ಕಡ್ಡಿಗಳನ್ನು ಸರಳುಗಳಿಂದ ಬಿಡಿಸಿ, ಗುಂಡು ಸ್ಪ್ರಿಂಗುಗಳನ್ನು ಮುಚ್ಚಿದ ಪ್ಲಗ್ಗು ತೆಗೆದು, ಅವನ್ನು ಬಟ್ಟಲಲ್ಲಿ ಜೋಪಾನ ಮಾಡಬೇಕು. ಫೋರ್ಕನ್ನು ಸರಳಿಗೆ ಬಿಗಿದ ಸ್ಕ್ರೂ ಸಡಿಲಿಸಿ ಒಂದು ಸರಳನ್ನು ಹೊರಗೆಳೆದರೆ ನಡುವಿನ ಪಿನ್ ಅಯಸ್ಕಾಂತಕ್ಕೆ ಅಂಟಿ ಬರುತ್ತದೆ. ಮುಂದಿನ ಮುಚ್ಚಳವನ್ನೇ ಪೂರ್ತಿ ಕಳಚಿ ಮೇಜಿನ ಮೇಲೆ ಈ ಕೆಲಸ ಮಾಡುವುದು ಇನ್ನೂ ನೆಮ್ಮದಿ. ಸರಳುಗಳ ಮೂತಿಯ ಆಯಿಲ್ ಸೀಲುಗಳನ್ನು ಈ ನೆಪದಲ್ಲಿ ಬದಲಿಸಿ, ಹಳೆಯ ಜೀಪಿನ ಕೆಳಗಿನ ಎಣ್ಣೆಯ ಕಲೆಗೆ ಬಹುಪಾಲು ಅವೇ ಕಾರಣ. ಗುಂಡು ಮತ್ತು ಸ್ಪ್ರಿಂಗುಗಳನ್ನು ಮಾತ್ರ ತಪ್ಪದೆ ಹಿಂದಕ್ಕೆ ಹಾಕಬೇಕು. ಅವಿಲ್ಲದಿದ್ದರೆ ಸರಳು ತಾನಾಗಿ ಜಾರಿ, ಏರಿನ ನಡುವೆ ಜೀಪು ನ್ಯೂಟ್ರಲ್ಲಿಗೆ ಬಂದುಬಿಡುತ್ತದೆ. ತೆಗೆದ ಪಿನ್ನನ್ನು ಎಸೆಯಬೇಡಿ, ಟೂಲ್ ಬಾಕ್ಸಿನಲ್ಲಿರಲಿ. ಜೀಪನ್ನು ಮಾರುವಾಗ ಹೊಸಬರಿಗೆ ಹೇಳಿ ಕೊಡಬೇಕಾದ ವಸ್ತು ಅದು.

ಇದಾದ ಮೇಲೆ ಚಾಲಕನ ಕೆಲವು ಅಭ್ಯಾಸಗಳೂ ಬದಲಾಗಬೇಕು. ಹೈನಿಂದ ಲೋಗೆ ನಿಂತೇ ಬದಲಿಸಬೇಕು, ಜಾರುವ ಗೇರಿಗೆ ಸಿಂಕ್ರೋ ಇಲ್ಲ. ಭಾರ ಹೇರಿದ್ದಾಗ ಟೂ ಲೋ ಒಂದನೇ ಗೇರಿನ ಬದಲು ಎರಡನೆಯದರಲ್ಲಿ ಹೊರಡುವುದು ಒಳಿತು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ರಿವರ್ಸಿನಲ್ಲಿ: ಸಿಜೆಯ ರಿವರ್ಸ್ ಅನುಪಾತ 3.798, ಒಂದನೆಯದಕ್ಕಿಂತಲೂ ಬಲಿಷ್ಠ; ಜೊತೆಗೆ ಕ್ರೌನ್ ಪಿನಿಯನ್ನಿನ ಹಲ್ಲುಗಳು ಆಗ ತಮ್ಮ ದುರ್ಬಲ ಮಗ್ಗುಲಿನಿಂದ ಭಾರ ಹೊರುತ್ತವೆ. ಭಾರದೊಂದಿಗೆ ಒಣ ಸಿಮೆಂಟಿನ ಏರನ್ನು ಟೂ ಲೋ ರಿವರ್ಸಿನಲ್ಲಿ ಹತ್ತಿಸುವುದೆಂದರೆ ಹಿಂದಿನ ಹೌಸಿಂಗಿಗೆ ಕೊಡಬಹುದಾದ ಅತಿ ದೊಡ್ಡ ಶಿಕ್ಷೆ. ಸಮನೆಲದಲ್ಲಿ, ಇಲ್ಲವೇ ಇಳಿಜಾರಿನ ಕಡೆಗೆ ರಿವರ್ಸು ಬೇಕಾದಷ್ಟು ಮಾಡಿ, ಅಡ್ಡಿಯಿಲ್ಲ.

ಪಾಚಿ, ಇಳುಕಲು, ಹ್ಯಾಂಡ್ ಬ್ರೇಕು

ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಆಗುಂಬೆ, ಹುಲಿಕಲ್ ಸುತ್ತಿನಲ್ಲಿ ಸಿಮೆಂಟು ರಸ್ತೆ ಒಣಗಿರುವ ತಿಂಗಳುಗಳೇ ಎಣಿಕೆಯವು. ಮರದ ನೆರಳಿನ ತುಂಡುಗಳಲ್ಲಿ ಆಷಾಢಕ್ಕೆ ಹಿಡಿದ ಪಾಚಿ ದೀಪಾವಳಿಯವರೆಗೂ ಬಿಡದು. ಟೂ ಲೋ ನಿಜವಾಗಿ ಕೊಲ್ಲಬಹುದಾದದ್ದು ಇಲ್ಲಿ, ಅದೂ ಇಳಿಯುವಾಗ.

ಇಳುಕಲಿನಲ್ಲಿ ಜೀಪಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಫೋರ್ ಲೋದಲ್ಲಿ ಎಂಜಿನ್ನಿನ ಹಿಡಿತ ನಾಲ್ಕೂ ಚಕ್ರಕ್ಕೆ ಹಂಚಿರುತ್ತದೆ, ಮುಂದಿನವು ಗಟ್ಟಿಯಾಗಿ ನೆಲ ಕಚ್ಚಿರುತ್ತವೆ. ಟೂ ಲೋದಲ್ಲಿ ಆ ಹಿಡಿತವೆಲ್ಲ ಹಗುರವಾದ ಹಿಂದಿನ ಚಕ್ರಗಳ ಮೇಲೆಯೇ. 37ರ ಅನುಪಾತದಲ್ಲಿ ಎಂಜಿನ್ ಹಿಂದಕ್ಕೆ ಎಳೆಯುವಾಗ ಪಾಚಿಯ ಮೇಲಿನ ಟೈರು ಸುತ್ತುವುದನ್ನೇ ನಿಲ್ಲಿಸಿ ಜಾರತೊಡಗುತ್ತದೆ, ಜೀಪಿನ ಹಿಂಭಾಗ ಪಕ್ಕಕ್ಕೆ ಬರುತ್ತದೆ. ಬ್ರೇಕ್ ಒತ್ತಿದರೆ ಕೆಲಸ ಇನ್ನೂ ಕೆಡುತ್ತದೆ. ಕ್ಲಚ್ ಒತ್ತಿ ಚಕ್ರ ಉರುಳಲು ಬಿಡಬೇಕು. ಆ ಗಳಿಗೆಯಲ್ಲಿ ಅದು ಎಲ್ಲರಿಗೂ ಹೊಳೆಯುವುದಿಲ್ಲ. ನೆಂದ ಇಳುಕಲಿಗೆ ಫೋರ್ ಲೋ, ನೇರ ದಾರಿಯಲ್ಲಿ ಅದು ಬಿಗಿಯುವುದೂ ಇಲ್ಲ, ಪಾಚಿಯ ಮೇಲೆ ತಿರುವಿನಲ್ಲೂ ಟೈರು ಜಾರಿಕೊಡುತ್ತದೆ. ಇಂಟರ್‌ಲಾಕ್ ಇದ್ದು ಮುಂದಿನ ಹಬ್, ಶಾಫ್ಟು ಕೂಡಿಕೊಂಡಿರುವ ಜೀಪಿನಲ್ಲಿ ಈ ತಪ್ಪು ಮಾಡಲು ಸಾಧ್ಯವೇ ಇಲ್ಲ, ಪಿನ್ ತೆಗೆದವರ, ಹಬ್ ಬಿಟ್ಟವರ ಮೇಲೆ ಈ ಜವಾಬ್ದಾರಿ ಬಂದುಬೀಳುತ್ತದೆ. ಜೀಪು ಮನೆಯವರೆಲ್ಲ ಓಡಿಸುವಂಥದ್ದಾದರೆ ಎಲ್ಲರಿಗೂ ಇದು ತಿಳಿದಿರಬೇಕು.

ಹ್ಯಾಂಡ್ ಬ್ರೇಕಿನದು ಬೇರೆಯದೇ ಕಥೆ. ಹಳೆಯ ಜೀಪುಗಳಲ್ಲಿ ಅದು ಚಕ್ರಗಳಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಮೂತಿಯಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಡ್ರಮ್ಮಿನಲ್ಲಿದೆ. ಮುಂದಿನ ಚಕ್ರಗಳು ಕಚ್ಚಿಕೊಂಡಿದ್ದರೆ ಅದು ನಾಲ್ಕನ್ನೂ ಹಿಡಿಯುತ್ತದೆ, ಇಲ್ಲದಿದ್ದರೆ ಹಿಂದಿನೆರಡನ್ನೇ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ಲಿನಲ್ಲಿದ್ದಾಗ ಒಂದನೇ ಗೇರು ಹಾಕಿ ನಿಲ್ಲಿಸಿದರೂ ಎಂಜಿನ್ ಜೀಪನ್ನು ಹಿಡಿಯುವುದಿಲ್ಲ, ಚಕ್ರಕ್ಕೂ ಅದಕ್ಕೂ ನಂಟು ತಪ್ಪಿರುತ್ತದೆ. ಪಿನ್ ತೆಗೆದ ಪೆಟ್ಟಿಗೆಯಲ್ಲಿ ಕಡ್ಡಿ ಹಗುರಾಗಿ ಓಡಾಡುವುದರಿಂದ ನಡುವೆ ನಿಂತುಬಿಡುವ ಸಂಭವ ಹೆಚ್ಚು. ಏರಿನಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡುವ ಹಳೆಯ ರೂಢಿಯನ್ನು ಬಿಡಬಾರದು.

ಜಿಪ್ಸಿ, ಥಾರ್ ಮತ್ತು ಇತರರು

ಮಾರುತಿ ಜಿಪ್ಸಿ ಭಾರತಕ್ಕೆ ಬಂದದ್ದು 1985ರ ಕೊನೆಗೆ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಗಿಡ್ಡ ಶಾಫ್ಟೊಂದಿದ್ದು ಛಾಸಿಗೆ ರಬ್ಬರಿನ ಮೌಂಟುಗಳಲ್ಲಿ ತೂಗಿದೆ. ಜಿಪ್ಸಿ ಕಿಂಗ್‌ನಲ್ಲಿ ಹೈ 1.409, ಲೋ 2.268. ಒಂದೇ ಕಡ್ಡಿ ಎರಡೂ ಸರಳುಗಳನ್ನು ಸರದಿಯಂತೆ ಸರಿಸುವುದರಿಂದ ಪಿನ್ ತೆಗೆದರೆ ಸಾಲದು, ಕಡ್ಡಿಯನ್ನೇ ಎರಡು ಮಾಡಬೇಕು. ವಿದೇಶಗಳಲ್ಲಿ ಅದಕ್ಕೆ ಸಿದ್ಧ ಕಿಟ್ ಸಿಗುತ್ತದೆ. ಕೈಯಿಂದ ತಿರುಗಿಸುವ ಹಬ್ ಇರುವ ಜಿಪ್ಸಿಯವರು ಹಬ್ ಬಿಟ್ಟರಾಯಿತು, ಕಿಟ್ಟಿನ ಗೊಡವೆಯೇ ಬೇಡ.

2010ರಲ್ಲಿ ಬಂದ ಥಾರ್, 2020ರ ಹೊಸ ಥಾರ್, ಅವುಗಳ ಸಮಕಾಲೀನರು ಬೇರೆಯೇ ಜಾತಿ. ಇಂಥ ಆಧುನಿಕ ಪೆಟ್ಟಿಗೆಗಳಲ್ಲಿ ಲೋ ಅನುಪಾತ ಬರುವುದು ಗ್ರಹಗೇರುಗಳಿಂದ, ಮುಂದಿನ ಶಾಫ್ಟಿಗೆ ಶಕ್ತಿ ಹೋಗುವುದು ಚೈನಿನಿಂದ. ಎರಡನ್ನೂ ಸಾಮಾನ್ಯವಾಗಿ ಒಂದೇ ಕ್ಯಾಮು ಸರಿಸುತ್ತದೆ. ತೆಗೆದುಹಾಕಲು ಬಿಡಿ ಪಿನ್ ಎಂಬುದಿಲ್ಲ. ಸ್ವಿಚ್ಚಿನಿಂದ ಬದಲಾಗುವ ಗಾಡಿಗಳಲ್ಲಿ ಮೋಟರು, ಸೆನ್ಸರು, ಕಂಪ್ಯೂಟರು ಸೇರಿಕೊಂಡಿವೆ. ತಂತಿ ಕತ್ತರಿಸಿ ಏನೋ ಮಾಡಿಕೊಡುತ್ತೇನೆ ಎನ್ನುವವರನ್ನು ನಂಬುವುದಕ್ಕಿಂತ ಸುಮ್ಮನಿರುವುದು ವಾಸಿ. ಹೊಸ ಎಂಜಿನ್ನುಗಳ ಬಲ ಕಡಿಮೆ ಸುತ್ತಿನಲ್ಲೇ ಸಿಗುವುದರಿಂದ ಅಂಗಳದ ಏರಿಗೆ ಅವುಗಳಲ್ಲಿ ಟೂ ಲೋ ಬೇಕೆನಿಸುವುದೂ ಕಡಿಮೆ.

ಆರ್‌ಸಿ ಮತ್ತು ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿ ನೋಂದಣಿ ಪತ್ರದಲ್ಲಿ ಸೇರಿದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸಿದರೆ, ಇಂಧನ ಬದಲಿಸಿದರೆ, ಬಾಡಿ ಉದ್ದ ಮಾಡಿದರೆ ಅದು ಆರ್‌ಸಿಯ ವಿಷಯ, ಆರ್‌ಟಿಓ ಅನುಮತಿ ಬೇಕು. ಟ್ರಾನ್ಸ್‌ಫರ್ ಕೇಸಿನೊಳಗಿನ ಪಿನ್ ಆರ್‌ಸಿಯ ಯಾವ ಅಂಕಣದಲ್ಲೂ ಬರುವಂಥದ್ದಲ್ಲ. ವಾರಂಟಿ ಇರುವ ಗಾಡಿಯಾದರೆ ಪೆಟ್ಟಿಗೆ ಬಿಚ್ಚಿದ ದಿನವೇ ಆ ಭಾಗದ ವಾರಂಟಿಗೆ ತಕರಾರು ಬರಬಹುದು. ಹಬ್ ತಿರುಗಿಸಿದ್ದಕ್ಕೆ ಯಾರೂ ಕೇಳುವುದಿಲ್ಲ.